ಒಡ್ಡು ಕಡಿಸಿದ ಮನುಷ್ಯ

ನಾನು ಹುಟ್ಟಾ ಅಂಜುಬುರುಕಿ. ಹಂಸಭಾವಿಯ ನಮ್ಮ ಓಣಿಯ ಮಕ್ಕಳೆಲ್ಲ ಹೊಂಡದಲ್ಲಿ ಈಜು ಕಲಿಯುವಾಗ ನಾನು ಮೆಟ್ಟಿಲ ಮೇಲೆ ಅವರ ಬಟ್ಟೆ ಕಾಯುತ್ತ ಕೂತಿರುತ್ತಿದ್ದೆ. ತಳ ಕಾಣದ ನೀರಿಗೆ ಕಾಲು ಇಳಿಬಿಡಲೂ ಹೆದರುತ್ತಿದ್ದೆ. ಅಂಥವಳು ಸಿವಿಲ್ ಎಂಜಿನಿಯರಿಂಗ್ ಓದಿ, ಪರೀಕ್ಷೆ ಪಾಸು ಮಾಡಿ, ಕೆರೆಗಳನ್ನು ನೋಡಿಕೊಳ್ಳುವ ಸರಕಾರಿ ಕಚೇರಿಗೇ ಕಿರಿಯ ಎಂಜಿನಿಯರಾಗಿ ಬಂದು ಬಿದ್ದೆ. ಆದೇಶ ಕೈಗೆ ಬಂದ ದಿನ ಅಪ್ಪ ಓಣಿಗೆಲ್ಲ ಪೇಢೆ ಹಂಚಿದ. ನಾನು ಒಳಗೆ ಹೋಗಿ ನಕಾಶೆ ಬಿಡಿಸಿಕೊಂಡು ಹಾನಗಲ್ಲ ತಾಲ್ಲೂಕಿನಲ್ಲಿ ಎಷ್ಟು ಕೆರೆಗಳಿವೆ ಎಂದು ಎಣಿಸತೊಡಗಿದೆ. ಅರ್ಧಕ್ಕೇ ಬಿಟ್ಟೆ.

ಕಚೇರಿಯಲ್ಲಿ ನನ್ನ ಮೇಲಿನವರು ಒಬ್ಬ ಮಾಜಿ ಸೈನಿಕರು. ನಾನು ಹೋಗುವ ಮೊದಲೇ ಅವರ ಸುದ್ದಿ ನನ್ನ ಕಿವಿಗೆ ಬಿದ್ದಿತ್ತು. ಉತ್ತರದ ಹಿಮದ ಗುಡ್ಡಗಳಲ್ಲಿ ನಡೆದ ಯುದ್ಧದಲ್ಲಿ ಇದ್ದು ಬಂದವರು, ಎಡಗಿವಿ ಅಲ್ಲೇ ಹೋಗಿದೆ, ಬೆನ್ನಿನಲ್ಲಿ ಇನ್ನೂ ಕಬ್ಬಿಣದ ಚೂರುಗಳಿವೆ, ಮಾತು ಕಡಿಮೆ, ಸಿಟ್ಟು ಬಂದರೆ ಎದುರಿಗೆ ಯಾರೂ ನಿಲ್ಲುವ ಹಾಗಿಲ್ಲ ಎಂದೆಲ್ಲ ಹೇಳಿದ್ದರು. ಹಾನಗಲ್ಲಿಗೆ ಹೋಗುವ ಬಸ್ಸಿನಲ್ಲಿ ನಾನು ಕೆರೆಗಳಿಗಿಂತ ಹೆಚ್ಚಾಗಿ ಈ ಮನುಷ್ಯನಿಗೇ ಹೆದರಿದ್ದೆ.

ಒಳಗೆ ಹೋದಾಗ ಅವರು ಕುರ್ಚಿಯಿಂದ ಎದ್ದು ನಿಂತರು. ಐವತ್ತರ ಹತ್ತಿರದ ವಯಸ್ಸು, ಒಣಕಲು ಮೈ, ಒತ್ತಿ ಕತ್ತರಿಸಿದ ಕೂದಲು.

"ಬರ್ರಿ, ಕುಂತ್ರಿ. ಈ ಕಡೆ ಕುಂತ್ರಿ, ಆ ಕಿವಿ ಕೇಳಂಗಿಲ್ಲ" ಎಂದು ಬಲಗಡೆಯ ಕುರ್ಚಿ ತೋರಿಸಿದರು. ಕುಡಿಯಲು ನೀರು ತರಿಸಿದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ ಇದು: "ನಿಮಗ ಯಾವುದಕ್ಕರೆ ಹೆದರಿಕಿ ಐತೇನ್ರಿ?"

ಮೊದಲ ದಿನವೇ ಸುಳ್ಳು ಹೇಳುವಷ್ಟು ಜಾಣತನ ನನಗಿರಲಿಲ್ಲ. "ನೀರಂದ್ರ ಹೆದರಿಕಿ ರಿ, ಸರ" ಎಂದೆ.

ಅವರು ನಗಲಿಲ್ಲ. "ಚಲೋ ಆತು" ಎಂದು ಫೈಲಿನ ಕಡೆ ತಿರುಗಿದರು.

ಕೆಲವೇ ವಾರಗಳಲ್ಲಿ ಒಂದು ಸಂಗತಿ ನನಗೆ ತಿಳಿಯಿತು. ಕಚೇರಿಯಲ್ಲಿ ಎಲ್ಲರಿಗಿಂತ ಹೆಚ್ಚು ಹೆದರುವವರು ಅವರೇ. ಕೆರೆಯ ಒಡ್ಡಿನ ಮೇಲೆ ನಡೆಯುವಾಗ ದನ ತುಳಿದು ಗಟ್ಟಿಯಾದ ಜಾಡಿನಲ್ಲೇ ಕಾಲಿಡುತ್ತಿದ್ದರು. ಹೊಸದಾಗಿ ಮಣ್ಣು ಹಾಕಿದ ಜಾಗವೋ ಹುಲ್ಲು ದಟ್ಟವಾಗಿ ಮುಚ್ಚಿದ ಜಾಗವೋ ಬಂದರೆ ನಿಂತು, ಒಂದಿಷ್ಟು ಹೊತ್ತು ನೋಡಿ, ಸುತ್ತು ಹಾಕಿ ಹೋಗುತ್ತಿದ್ದರು. ಜೀಪನ್ನು ಡಾಂಬರಿನಿಂದ ಕೆಳಗೆ ಇಳಿಸಲು ಬಿಡುತ್ತಿರಲಿಲ್ಲ. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂದರೂ, "ನಿಲ್ಲಸು. ಅವ ಮೊದಲ ಹೋಗಲಿ" ಎನ್ನುತ್ತಿದ್ದರು. ಹುಲಗೂರಿನವನಾದ ನಮ್ಮ ಚಾಲಕ ಅವರಿಲ್ಲದಾಗ "ನಮ್ಮ ಅಂಜು ಮಿಲಿಟರಿ" ಎಂದು ನಗುತ್ತಿದ್ದ. ನಾನೂ ನಗುತ್ತಿದ್ದೆ. ನನಗಿಂತ ಹೆಚ್ಚು ಹೆದರುವ ಒಬ್ಬರು ಸಿಕ್ಕಿದ್ದು ಒಳಗೊಳಗೇ ಸಮಾಧಾನ ಕೊಟ್ಟಿತ್ತು.

ಒಂದು ದಿನ ಹಿರೇಕೆರೂರ ಕಡೆಯ ಒಂದು ಕೆರೆಗೆ ಹೋಗಿದ್ದೆವು. ಅವರು ನನ್ನನ್ನು ಒಡ್ಡಿನ ಹಿಂಬದಿಯ ಬುಡಕ್ಕೆ ಇಳಿಸಿದರು. ಮೇಲೆ ತುಂಬಿದ ಕೆರೆ, ಕೆಳಗೆ ನಾನು, ನಡುವೆ ಬರೀ ಮಣ್ಣು. ಬುಡದಲ್ಲಿ ಒಂದು ಕಡೆ ನೀರು ಜಿನುಗುತ್ತಿತ್ತು.

"ಕೈ ಇಡು, ತಂಗಿ" ಎಂದರು. ಅಷ್ಟು ಹೊತ್ತಿಗೆ ನಾನು ಅವರಿಗೆ ಮೇಡಂ ಹೋಗಿ ತಂಗಿ ಆಗಿದ್ದೆ.

ಇಟ್ಟೆ. ನೀರು ತಣ್ಣಗಿತ್ತು.

"ಬೊಗಸಿಯೊಳಗ ತಗೊಂಡ ನೋಡು. ತಿಳಿ ಐತೋ, ಕೆಂಪ ಐತೋ?"

"ತಿಳಿ ಐತ್ರಿ."

"ತಿಳಿ ಬಂದ್ರ ಒಡ್ಡು ಬೆವರಾಕತ್ತೈತಿ ಅಂತ ತಿಳಕೊ. ಎಲ್ಲಾ ಒಡ್ಡೂ ಬೆವರತಾವ. ಕೆಂಪ ಬಂತಂದ್ರ ಒಳಗಿಂದ ಮಣ್ಣ ಹೊಂಟೈತಿ. ಮ್ಯಾಲ ನೋಡಿದ್ರ ಏನೂ ಕಾಣಂಗಿಲ್ಲ. ಹುಲ್ಲ ಹಸರ ಇರತೈತಿ, ಮ್ಯಾಲ ಮಂದಿ ಸೈಕಲ್ ಹೊಡಕೊಂಡ ಹೋಗತಿರತಾರ."

ಅವರ ಹಿಂದಿನ ಬದುಕನ್ನು ನಾನು ಊಟದ ಹೊತ್ತಿನಲ್ಲಿ ಚೂರುಚೂರಾಗಿ ಕೇಳಿ ತಿಳಿದುಕೊಂಡೆ. ಸವಣೂರ ತಾಲ್ಲೂಕಿನ ಒಕ್ಕಲುತನದ ಮನೆ. ಹದಿನೆಂಟು ತುಂಬಿದ ವರ್ಷ ಯಲವಿಗಿ ಸ್ಟೇಶನ್ನಿನಲ್ಲಿ ರೈಲು ಹತ್ತಿ ಸೈನ್ಯ ಸೇರಿದರು. ಅಲ್ಲಿ ಸೇತುವೆ ಕಟ್ಟುವ, ದಾರಿ ಮಾಡುವ, ತುಳಿದರೆ ಸಿಡಿಯುವ ಮೈನುಗಳನ್ನು ನೆಲದಲ್ಲಿ ಹೂಳುವ ಮತ್ತು ತೆಗೆಯುವ ಪಡೆಗೆ ಹಾಕಿದರು. ಯುದ್ಧ ನೋಡಿದರು. ಹದಿನೇಳು ವರ್ಷದ ನಂತರ ಊರಿಗೆ ಬಂದಾಗ ಒಂದು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲುವ ಕೆಲಸ ಸಿಕ್ಕಿತು.

"ಒಂದ ವಾರ ನಿಂತೆ" ಎಂದು ರೊಟ್ಟಿ ಮುರಿಯುತ್ತ ಹೇಳಿದರು. ಶಿಗ್ಗಾವಿಯ ಮನೆಯಿಂದ ಹೆಂಡತಿ ಕಟ್ಟಿ ಕಳಿಸಿದ ಡಬ್ಬಿಯಲ್ಲಿ ಅರ್ಧ ಯಾವಾಗಲೂ ನನ್ನ ಪಾಲಿಗೆ ಬರುತ್ತಿತ್ತು. "ಬಂದ ಹೋದವ್ರ ಕಾಲ ನೋಡಕೋತ ನಿಲ್ಲತಿದ್ದೆ. ಎಲ್ಲಿ ಇಡತಾರ, ಹೆಂಗ ಇಡತಾರ ಅಂತ. ಮ್ಯಾನೇಜರು ಕರದು ಕೇಳಿದ್ರು, ಯಾಕ್ರಿ ಎಲ್ಲಾರ ಚಪ್ಪಲಿ ನೋಡತೀರಿ, ಹೆಣ್ಮಕ್ಕಳು ಬೈಯಾಕತ್ತಾರ ಅಂತ. ಏನ ಹೇಳಲಿ. ಬಿಟ್ಟು ಬಂದೆ."

ಆಮೇಲೆ ಡಿಪ್ಲೊಮಾ ಕಾಲೇಜಿಗೆ ಸೇರಿ, ತಮ್ಮ ವಯಸ್ಸಿನ ಅರ್ಧದವರ ನಡುವೆ ಮೂರು ವರ್ಷ ಬೆಂಚಿನ ಮೇಲೆ ಕೂತು ಪಾಸು ಮಾಡಿದರು. ಮಾಜಿ ಸೈನಿಕರ ಕೋಟಾದಲ್ಲಿ ಈ ಕೆಲಸ ಸಿಕ್ಕಿತು. ಎಂಜಿನಿಯರೇ ಯಾಕೆ ಆಗಬೇಕೆನಿಸಿತು ಎಂದು ಕೇಳಿದ್ದಕ್ಕೆ, "ಮಣ್ಣ ಒಂದ ಗೊತ್ತಿತ್ತು ನನಗ" ಎಂದರು. ಯುದ್ಧದ ಬಗ್ಗೆ ಕೇಳಿದರೆ ಮಾತ್ರ ಊಟದ ಡಬ್ಬಿ ಮುಚ್ಚಿ, ಸವಣೂರಿನ ಒಂದು ವೀಳ್ಯದೆಲೆ ಮಡಚಿ ಬಾಯಿಗಿಟ್ಟುಕೊಳ್ಳುತ್ತಿದ್ದರು.

ಆ ವರ್ಷ ಶ್ರಾವಣದಲ್ಲಿ ಮಳೆ ಹಿಡಿದದ್ದು ಬಿಡಲೇ ಇಲ್ಲ. ವರದೆ ದಂಡೆ ಮೀರಿ ಹರಿಯುತ್ತಿದ್ದಳು. ಹಾನಗಲ್ಲಿನ ನನ್ನ ಬಾಡಿಗೆ ಕೋಣೆಯಲ್ಲಿ ಗೋಡೆ ಹಸಿಯಾಗಿ ಸುಣ್ಣ ಉದುರುತ್ತಿತ್ತು. ಎಂಟನೆಯ ದಿನ ಬೆಳಿಗ್ಗೆ, ಇನ್ನೂ ಚಹಾ ಕುಡಿದಿರಲಿಲ್ಲ, ಸರ್ ಅವರ ಫೋನು ಬಂತು. ಹಾನಗಲ್ಲ ಮತ್ತು ಶಿಗ್ಗಾವಿ ತಾಲ್ಲೂಕುಗಳ ಅಂಚಿನ ಒಂದು ಹಳ್ಳಿಯ ಕೆರೆ. ಊರ ಹೆಸರು ಬರೆಯುವುದಿಲ್ಲ, ಅಲ್ಲಿ ಈ ಜಗಳ ಇನ್ನೂ ಪೂರ್ತಿ ಆರಿಲ್ಲ. ಹೊಲಗಳಿಗೆ ನೀರು ಬಿಡುವ ತೂಬಿನ ಹತ್ತಿರ ಒಡ್ಡಿನ ಬುಡದಲ್ಲಿ ನೀರು ಬುಗ್ಗೆಯಾಗಿ ಏಳುತ್ತಿದೆ ಎಂದು ಕೆರೆ ನೋಡಿಕೊಳ್ಳುವ ನೀರಗಂಟಿ ತಿಳಿಸಿದ್ದ.

ನಾವು ಮುಟ್ಟಿದಾಗ ಕೆರೆ ಅಂಚಿನ ತನಕ ತುಂಬಿತ್ತು. ಹೆಚ್ಚಿನ ನೀರು ಹೊರಗೆ ಹೋಗುವ ಕೋಡಿ ತನಗಾದಷ್ಟು ಹರಿಸುತ್ತಿತ್ತು, ಆದರೂ ಮಟ್ಟ ಇಳಿಯುತ್ತಿರಲಿಲ್ಲ. ಒಡ್ಡಿನ ಕೆಳಗೆ, ಕೂಗಳತೆಯಲ್ಲಿ, ಊರಿನ ಮನೆಗಳು. ಬಿಸಿಯೂಟಕ್ಕೆ ಒಲೆ ಹೊತ್ತಿಸಿರಬೇಕು, ಶಾಲೆಯ ಹಿಂದೆ ಹೊಗೆ ಏಳುತ್ತಿತ್ತು.

ಬುಗ್ಗೆ ತೆಂಗಿನಕಾಯಿಯಷ್ಟಿತ್ತು. ಸರ್ ಅದರ ಪಕ್ಕ ಕೆಸರಿನಲ್ಲಿ ಮೊಣಕಾಲೂರಿ ಕೂತು ಬಾಟಲಿಯಲ್ಲಿ ನೀರು ಹಿಡಿದು ಬೆಳಕಿಗೆ ಎತ್ತಿ ನೋಡಿದರು. ತಿಳಿಯಾಗಿತ್ತು. ಊರವರನ್ನು ಕರೆದು ಉಸುಕಿನ ಚೀಲ ತುಂಬಿಸಿ, ಬುಗ್ಗೆಯ ಸುತ್ತ ಬಾವಿಯ ಕಟ್ಟೆಯ ಹಾಗೆ ಇಡಿಸಿದರು. ನನಗೆ ಒಂದು ಕೆಲಸ ಕೊಟ್ಟರು. ಅರ್ಧ ಗಂಟೆಗೊಮ್ಮೆ ಒಂದು ಬಾಟಲಿ ನೀರು ಹಿಡಿಯಬೇಕು, ಅದರ ಮೇಲೆ ಹೊತ್ತು ಬರೆಯಬೇಕು, ಸಾಲಾಗಿ ಇಡಬೇಕು.

ಒಂದು, ಎರಡು, ಮೂರು ಬಾಟಲಿ ತಿಳಿಯಾಗಿ ಬಂದವು. ನಾಲ್ಕನೆಯದು ಹಾಲು ಕಡಿಮೆ ಹಾಕಿದ ಚಹಾದ ಹಾಗಿತ್ತು. ಮಳೆಯ ನೀರು ಬೆರೆತಿರಬೇಕು ಎಂದುಕೊಂಡು ಚೆಲ್ಲಿ ಮತ್ತೆ ಹಿಡಿದೆ. ಮತ್ತೆ ಹಾಗೆಯೇ ಬಂತು. ಐದನೆಯದು ಕೆಂಪು. ಬಾಟಲಿಯ ಆ ಬದಿಗೆ ಹಿಡಿದ ನನ್ನ ಬೆರಳುಗಳು ನೀರಿನ ಮೂಲಕ ಕಾಣುತ್ತಿರಲಿಲ್ಲ.

ನಾನು ಕೂಗಲಿಲ್ಲ. ಬಾಟಲಿ ಹಿಡಿದುಕೊಂಡು ಅವರ ಬಲಗಿವಿಯ ಕಡೆ ಹೋಗಿ ನಿಂತೆ. ಅವರು ಅದನ್ನು ನೋಡಿದರು. ಮುಖ ಬೂದಿಯಾಯಿತು. ಒಬ್ಬ ಮನುಷ್ಯನ ಮುಖದಿಂದ ರಕ್ತ ಅಷ್ಟು ಬೇಗ ಇಳಿಯುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

"ತಂಗಿ, ಹೆದರಿಕಿ ಆಗಾಕತ್ತೈತೇನು?"

"ಹೌದ್ರಿ."

"ಎಲ್ಲಿ ನಿಂತಾಗ ಹೆಚ್ಚ ಆಗತೈತಿ?"

ಇದು ಎಂಥ ಪ್ರಶ್ನೆ ಎನಿಸಿತು. ಆದರೂ ಕೈ ತಾನಾಗಿಯೇ ಎದ್ದು ತೂಬಿನ ಬಲಕ್ಕೆ, ಬುಗ್ಗೆಗಿಂತ ನಾಲ್ಕು ಮಾರು ಆಚೆಗೆ, ತೋರಿಸಿತು. ಅಲ್ಲಿ ಹುಲ್ಲು ಉಳಿದ ಕಡೆಗಿಂತ ಸ್ವಲ್ಪ ತಗ್ಗಿನಲ್ಲಿತ್ತು. ಅದನ್ನು ನಾನು ಬೆಳಗಿನಿಂದ ನೋಡಿದ್ದೆ, ಆದರೆ ನೋಡಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಅವರು ತಲೆ ಆಡಿಸಿದರು.

ಮೊದಲು ಊರು ತೆರವು ಮಾಡಿಸಿದರು. ಗುಡಿಯ ಮೈಕಿನಲ್ಲಿ, ಮಸೀದಿಯ ಮೈಕಿನಲ್ಲಿ ಸಾರಿಸಿದರು. ಎಲ್ಲರೂ ದಿನ್ನೆಯ ಮೇಲಿನ ಮಠಕ್ಕೆ ಹೋಗಬೇಕು, ಈಗಲೇ ಹೋಗಬೇಕು. ಮಂದಿ ಹೊರಟರು, ಆದರೆ ನಿಧಾನ. ಒಬ್ಬಾಕೆ ಎರಡು ದಿನದ ಕರು ಎತ್ತಿಕೊಂಡು ಹೊರಟಳು, ತಾಯಿ ಹಸು ಹಿಂದೆ ಬರಲೊಲ್ಲದೆ ಅಡ್ಡ ನಿಂತಿತು. ನನಗೆ ಅವಳ ಕೈಯಿಂದ ಕರು ಕಸಿದು ಓಡಬೇಕೆನ್ನಿಸಿತು.

ಆಮೇಲೆ ಸರ್ ತಮ್ಮ ಮೇಲಧಿಕಾರಿಗೆ ಫೋನು ಮಾಡಿದರು. ಕೋಡಿ ಸಾಲದು, ಒಡ್ಡಿನ ಎಡತುದಿಯಲ್ಲಿ ಗಟ್ಟಿ ಗೊರಚು ನೆಲವಿದೆ, ಅಲ್ಲಿ ಕಡಿದು ನೀರು ಇಳಿಸದಿದ್ದರೆ ನಡುವೆ ಒಡೆಯುತ್ತದೆ ಎಂದರು. ಆ ಕಡೆಯ ದನಿ ನನಗೂ ಕೇಳಿಸುತ್ತಿತ್ತು. ದಾರಿಯಲ್ಲಿ ನೀರು ನಿಂತಿದೆ, ನಾನು ಬರುವ ತನಕ ಏನೂ ಮಾಡಬೇಡಿ, ಲಿಖಿತ ಆದೇಶವಿಲ್ಲದೆ ಒಂದು ಸಲಿಕೆ ಮಣ್ಣೂ ತೆಗೆಯಬೇಡಿ. ಸರ್ "ಆತ್ರಿ" ಎಂದು ಫೋನು ಜೇಬಿಗಿಟ್ಟರು. ಆಮೇಲೆ ಚಾಲಕನಿಗೆ ಹೇಳಿದರು: "ಊರಾಗಿನ ಅಗಿಯೋ ಮಿಶನ್ ಎಡದಂಡಿಗೆ ತರಸು."

ಎಡದಂಡೆಯಲ್ಲಿ ಕಡಿದರೆ ನೀರು ಹಳ್ಳಕ್ಕೆ ಇಳಿಯುವ ಮೊದಲು ಒಬ್ಬರ ಶುಂಠಿ ಹೊಲದ ಮೇಲೆ ಹಾಯಬೇಕಿತ್ತು. ಹೊಲದ ಯಜಮಾನರು ಆ ಊರಿನ ಹಳೆಯ ಮನೆತನದವರು, ಎಪ್ಪತ್ತು ದಾಟಿದವರು. ಹಣೆಯ ಮೇಲೆ ವಿಭೂತಿ, ಹೆಗಲ ಮೇಲೆ ಒದ್ದೆ ಟವೆಲ್ಲು. ಇಬ್ಬರು ಮಕ್ಕಳನ್ನು ಕರೆದುಕೊಂಡು ಬಂದು ಯಂತ್ರದ ಮುಂದೆ ನಿಂತರು.

"ಈ ಒಡ್ಡು ನಮ್ಮ ಮುತ್ಯಾನ ಕಾಲದಿಂದ ನಿಂತೈತಿ. ಇಂಥ ಮಳಿ ಎಷ್ಟ ನೋಡೈತಿ. ಮಿಲಿಟರಿ ಮನುಷ್ಯಾರು ಅಂದ್ರ ನಿಮಗ ಧೈರ್ಯ ಇರತೈತಿ ಅಂತ ತಿಳದಿದ್ದೆ."

"ನನಗ ಧೈರ್ಯ ಇಲ್ರಿ" ಎಂದರು ಸರ್. "ನಾ ಹೆದರೇನಿ. ನೋಡ್ರಿ." ಬಲಗೈ ಮುಂದೆ ಚಾಚಿದರು. ಅದು ನಡುಗುತ್ತಿತ್ತು. ಸುತ್ತ ನಿಂತವರೆಲ್ಲ ಆ ಕೈಯನ್ನೇ ನೋಡಿದರು. ಹಿರಿಯ ಮಗ ನಗಲು ಹೋಗಿ ನಿಲ್ಲಿಸಿದ. "ಹಿಂದ ಒಮ್ಮೆ ಈ ಕೈ ಹಿಂಗ ನಡಗಿತ್ತು. ಅವತ್ತ ನಾ ಇದರ ಮಾತ ಕೇಳಲಿಲ್ಲ."

ಯಜಮಾನರು ಕದಲಲಿಲ್ಲ. ಆಗ ಸರ್ ಹೇಳಿದರು: "ನಿಲ್ಲೋದಾದ್ರ ಇಲ್ಲಿ ಬ್ಯಾಡ್ರಿ. ಬರ್ರಿ, ತೂಬಿನ ಮ್ಯಾಲ ನಿಲ್ಲೂಣು. ಇಬ್ರೂ ಕೂಡೇ ನಿಲ್ಲೂಣು. ಅಲ್ಲಿ ನಿಂತು ನೀವು ಕಡೀಬ್ಯಾಡ ಅಂದ್ರ ಕಡಿಯಂಗಿಲ್ಲ."

ಇಬ್ಬರೂ ಒಡ್ಡಿನ ಮೇಲೆ ನಡೆದು ಹೋದರು. ನಾನು ಎಡದಂಡೆಯಲ್ಲಿ ಯಂತ್ರದ ಹತ್ತಿರ ನಿಂತಿದ್ದೆ. ನಡುವಿನಲ್ಲಿ, ನಾನು ಕೈ ತೋರಿಸಿದ ಆ ತಗ್ಗಿನ ನೇರ ಮೇಲೆ, ಅವರು ನಿಂತರು. ಒಂದು ಕಡೆ ಕೆರೆ, ಇನ್ನೊಂದು ಕಡೆ ಖಾಲಿಯಾಗುತ್ತಿರುವ ಊರು. ಮಳೆಯಲ್ಲಿ ಇಬ್ಬರೂ ಎರಡು ಕಂಬಗಳ ಹಾಗೆ ಕಾಣುತ್ತಿದ್ದರು. ಅವರು ಈಗ ಕಾಣದಂತಾಗುತ್ತಾರೆ, ಈಗ, ಈಗ, ಎಂದು ನಾನು ಪ್ರತಿ ಉಸಿರಿಗೂ ಅಂದುಕೊಳ್ಳುತ್ತಿದ್ದೆ. ಹಿಂದೆ ತಿರುಗಿ ಓಡಿಹೋಗಬೇಕೆನ್ನಿಸಿತು. ಓಡದೆ ನಿಂತದ್ದು ಗಟ್ಟಿತನದಿಂದಲ್ಲ, ಕಾಲು ಬರಲಿಲ್ಲ, ಅಷ್ಟೇ. ಎಷ್ಟು ಹೊತ್ತು ನಿಂತಿದ್ದರೋ ತಿಳಿಯದು. ಚಾಲಕ ಐದು ನಿಮಿಷ ಎನ್ನುತ್ತಾನೆ, ನನಗೆ ನಂಬಿಕೆಯಿಲ್ಲ.

ಯಜಮಾನರು ಮೊದಲು ತಿರುಗಿ ಬಂದರು, ಹಿಂದಿನಿಂದ ಸರ್. ಯಜಮಾನರು ಮಕ್ಕಳಿಗೆ "ಹಿಂದ ಸರೀರಿ" ಎಂದಷ್ಟೇ ಹೇಳಿ ಹೊಲದ ಬದುವಿನ ಮೇಲೆ ಹೋಗಿ ಕೂತರು.

ಸರ್ ನನ್ನ ವಹಿಯಲ್ಲಿ ಆದೇಶ ಬರೆಸಿದರು. ಒಡ್ಡು ಕಡಿಸುವ ನಿರ್ಧಾರ ನನ್ನೊಬ್ಬನದು ಎಂದು ಬರೆಸಿ ಸಹಿ ಹಾಕಿದರು. ನಾನು ಪೆನ್ನಿಗೆ ಕೈ ಚಾಚಿದೆ. "ನಿನ್ನ ಸಹಿ ಬ್ಯಾಡ" ಎಂದರು. ಆ ಮಾತು ಕೇಳಿ ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಹಾಗೆ ಹಗುರಾದದ್ದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಕಡಿದ ಜಾಗದಲ್ಲಿ ನೀರು ಮೊದಲು ಕಾಲುವೆಯಷ್ಟು ಹರಿಯಿತು. ಆಮೇಲೆ ಅದರ ಸದ್ದು ಬದಲಾಯಿತು. ಶುಂಠಿಯ ಹಸಿರು ಸಾಲುಗಳು ಒಂದೊಂದಾಗಿ ಬಾಗಿ, ಮುಳುಗಿ, ಕಾಣದಾದವು. ಯಜಮಾನರು ಬದುವಿನಿಂದ ಏಳಲಿಲ್ಲ, ಮಕ್ಕಳು ಬಂದು ಎಬ್ಬಿಸಿದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಕೆರೆ ಒಂದು ಆಳು ಇಳಿದಿತ್ತು. ಬುಗ್ಗೆ ಸಣ್ಣದಾಗಿ, ಆಮೇಲೆ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಮಠದಿಂದ ಮಂದಿ ತಿರುಗಿ ಬಂದರು. ಮನೆಗಳು ನಿಂತಲ್ಲೇ ನಿಂತಿದ್ದವು, ಒಡ್ಡೂ ನಿಂತಲ್ಲೇ ನಿಂತಿತ್ತು. ನಮಗೆ ಅದೇ ಮುಳುವಾಯಿತು.

ಮುಂದಿನ ಬೇಸಿಗೆಯಲ್ಲಿ ಕೆರೆ ಒಣಗಿತು. ದನಗಳಿಗೆ ನೀರಿಲ್ಲದಾಯಿತು. ಒಡೆಯದ ಒಡ್ಡನ್ನು ಕಡಿಸಿ ಊರಿನ ನೀರು ಕಳೆದ ಎಂಜಿನಿಯರ್ ಎಂದು ಅರ್ಜಿ ಹೋಯಿತು. ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು. ಸಾಕ್ಷಿಗೆ ನನ್ನನ್ನು ಕರೆದರು. ಮೇಜಿನ ಮೇಲೆ ನನ್ನ ಬಾಟಲಿಗಳನ್ನು ಸಾಲಾಗಿ ಇಟ್ಟಿದ್ದರು. ತಿಂಗಳುಗಟ್ಟಲೆ ಕಪಾಟಿನಲ್ಲಿ ಅಲುಗಾಡದೆ ಇದ್ದ ಅವುಗಳಲ್ಲಿ ಮಣ್ಣು ತಳಕ್ಕೆ ಇಳಿದು, ನೀರೆಲ್ಲ ತಿಳಿಯಾಗಿತ್ತು. ತಳದಲ್ಲಿ ಬೆರಳಿನಷ್ಟು ಕೆಂಪು.

ಅಧಿಕಾರಿ ಐದನೆಯ ಬಾಟಲಿ ತೋರಿಸಿದರು. "ಇದು ತಿಳಿ ನೀರು ಅಲ್ಲವೇ?"

ನಾನು ಅದನ್ನು ಎತ್ತಿ ಒಮ್ಮೆ ಅಲುಗಾಡಿಸಿದ್ದರೆ ಸಾಕಿತ್ತು. ಮೇಜು ಅಷ್ಟೇನೂ ದೂರವಿರಲಿಲ್ಲ. ಆದರೆ ಪಕ್ಕದಲ್ಲಿ, ಅವತ್ತು ಫೋನಿನಲ್ಲಿ ಬೇಡ ಎಂದಿದ್ದ ಮೇಲಧಿಕಾರಿ ಕೂತಿದ್ದರು, ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. "ಈಗ ತಿಳಿ ಐತ್ರಿ" ಎಂದೆ. ಅವರು ಬರೆದುಕೊಂಡರು. ಸರ್ ನನ್ನ ಕಡೆ ನೋಡಿದರು. ಅವರೂ ಬಾಟಲಿ ಅಲುಗಾಡಿಸಲಿಲ್ಲ. ಅಲುಗಾಡಿಸಿದ್ದರೆ ನಾನು ಸುಳ್ಳಿಯಾಗುತ್ತಿದ್ದೆ ಎಂಬುದಕ್ಕೇ ಸುಮ್ಮನಿದ್ದರು ಎಂದು ನನಗೆ ಹೊಳೆದದ್ದು ಬಸ್ಸಿನಲ್ಲಿ ಮನೆಗೆ ಹೋಗುವಾಗ.

ಅವರ ಬಡ್ತಿ ನಿಂತಿತು. ದೂರದ ಜಿಲ್ಲೆಗೆ ವರ್ಗವಾಯಿತು.

ಎರಡು ತಿಂಗಳು ತಡೆದು, ಒಂದು ರವಿವಾರ ನಾನು ಶಿಗ್ಗಾವಿಯ ಅವರ ಮನೆಗೆ ಹೋದೆ. ಕ್ಷಮೆ ಕೇಳಲು ಮಾತು ಹೊಂದಿಸಿಕೊಂಡು ಹೋಗಿದ್ದೆ. ಅವರು ಆ ವಾರ ಊರಿಗೆ ಬಂದಿರಲಿಲ್ಲ. ಅವರ ಹೆಂಡತಿ ಒಳಗೆ ಕರೆದು ಕೂರಿಸಿದರು. ನಾನು ಅಲ್ಲೇ ಅತ್ತುಬಿಟ್ಟೆ, ವಿಚಾರಣೆಯಲ್ಲಿ ಆದದ್ದನ್ನೆಲ್ಲ ಹೇಳಿದೆ. ಅವರು ಕೇಳಿದರು, ಸಿಟ್ಟಾಗಲಿಲ್ಲ. ಅವಲಕ್ಕಿ ಮಾಡಿ ಕೊಟ್ಟರು.

"ನಿಮಗ ಅವ್ರು ಆ ಹೊಲದ ಸುದ್ದಿ ಹೇಳ್ಯಾರೇನ್ರಿ?" ಎಂದು ಕೇಳಿದರು.

ಇಲ್ಲ ಎಂದೆ.

"ಗುಡ್ಡದ ಯುದ್ಧ ಮುಗದ ಮ್ಯಾಲ ಅವ್ರನ್ನ ಗಡಿಗೆ ಕಳಿಸಿದ್ರು. ಮತ್ತೊಂದು ಯುದ್ಧ ಆಗತೈತಿ ಅಂತ ರೈತರ ಹೊಲದಾಗೆಲ್ಲಾ ಮೈನು ಹೂಳಿದ್ರಂತ. ಯುದ್ಧ ಆಗಲಿಲ್ಲ. ತಿರಗಿ ತಗೀಬೇಕಾತು. ಮಳಿ ಬಂದು, ಉಸುಕ ಹರದು, ಹೂಳಿದ್ದು ಹೂಳಿದ ಜಾಗಾದಾಗ ಇರಲಿಲ್ಲಂತ. ಇವ್ರು ಒಂದು ಹೊಲ ನೋಡಿ ಮುಗಿಸಿದ್ರು. ಲೆಕ್ಕಾ ಸರಿ ಬಂದಿತ್ತು. ಆದ್ರ ಕೈ ನಡಗಾಕತ್ತಿತ್ತಂತ, ಇನ್ನೊಮ್ಮೆ ನೋಡೂಣು ಅನಸಿತ್ತಂತ. ಮ್ಯಾಲಿನವ್ರು ಲಗೂನ ಮುಗಸ್ರಿ, ರೈತರು ಕಾಯಾಕತ್ತಾರ ಅಂದ್ರು. ಇವ್ರು ಹೊಲ ಸಾಫ ಐತಿ ಅಂತ ಬರದು ಕೊಟ್ರು."

ಹೊರಗೆ ಯಾರೋ ಕೊತ್ತಂಬರಿ ಮಾರುತ್ತ ಹೋದರು.

"ಮುಂದ ಏನಾತು ಅಂತ ನನಗೂ ಪೂರಾ ಹೇಳಿಲ್ಲ. ಒಂದ ಜೋಡಿ ಎತ್ತ ಹ್ವಾದವು ಅಂತ ಅಷ್ಟ ಹೇಳತಾರ. ಇಪ್ಪತ್ತ ವರ್ಷ ಆತು, ಎತ್ತಿನ ಸುದ್ದಿನ ಹೇಳತಾರ. ನೇಗಲಾ ಹಿಡದವ್ರು ಯಾರರೆ ಇರಬೇಕಲ್ಲರಿ? ನಾ ಕೇಳಂಗಿಲ್ಲ."

ಕೈಯಲ್ಲಿದ್ದ ಅವಲಕ್ಕಿಯ ಬಟ್ಟಲು ಹಾಗೆಯೇ ಉಳಿಯಿತು. ಹಾನಗಲ್ಲಿಗೆ ಹಿಂದಿರುಗಿದವಳೇ ಮೇಜಿಗೆ ಕೂತು ಒಂದು ಪುಟ ಬರೆದೆ. ಐದನೆಯ ಬಾಟಲಿಯ ನೀರು ಹಿಡಿದಾಗ ಕೆಂಪಾಗಿತ್ತು, ನಾನೇ ಹಿಡಿದೆ, ನಾನೇ ನೋಡಿದೆ, ವಿಚಾರಣೆಯಲ್ಲಿ ಹೆದರಿ ಪೂರ್ತಿ ಹೇಳಲಿಲ್ಲ ಎಂದು ಬರೆದು ಸಹಿ ಹಾಕಿ ಮರುದಿನ ಕೊಟ್ಟೆ. ಗುಮಾಸ್ತರು ಓದಿ, ಶಿಕ್ಕಾ ಹೊಡೆದು, "ಫೈಲ ಮುಚ್ಚಿ ಆಗೈತ್ರಿ" ಎಂದರು. ಅದರಿಂದ ಅವರ ಬಡ್ತಿಯೇನೂ ಬರಲಿಲ್ಲ. ನನಗೂ ಏನೂ ಆಗಲಿಲ್ಲ. ಆದರೆ ಒಂದು ವರ್ಷ ಪೂರ್ತಿ, ಕಚೇರಿಯ ಟಪಾಲು ಬಂದಾಗಲೆಲ್ಲ ನನ್ನ ಹೆಸರಿನ ಲಕೋಟೆ ಇದೆಯೇ ಎಂದು ಮೊದಲು ಹುಡುಕುತ್ತಿದ್ದೆ.

ಫೋನು ಮಾಡಿ ಅವರಿಗೆ ಹೇಳಿದೆ.

"ಸಹಿ ಮಾಡಿದೇನು?"

"ಮಾಡಿದೆ ರಿ."

"ಹೆದರಿಕಿ ಆತೇನು?"

"ಆತ್ರಿ. ಇನ್ನೂ ಐತಿ."

"ಹಂ" ಎಂದರು. ಆಮೇಲೆ ನನ್ನ ಅವ್ವನ ಮೊಣಕಾಲು ನೋವು ಹೇಗಿದೆ ಎಂದು ಕೇಳಿದರು.

ಮರುವರ್ಷ ಆ ಒಡ್ಡಿನ ದುರಸ್ತಿ ನಡೆಯಿತು. ತೂಬಿನ ಬಲಕ್ಕೆ ಬಿಚ್ಚುವ ದಿನ ನಾನು ನಿಂತು ನೋಡಬೇಕೆಂದು ಬೆಳಿಗ್ಗೆಯೇ ಹೋದೆ. ನಾನು ಮುಟ್ಟುವಷ್ಟರಲ್ಲಿ ಯಂತ್ರ ಆ ಭಾಗ ಅಗೆದು ಹಾಕಿತ್ತು. ಒಳಗೆ ಪೊಳ್ಳು ಇತ್ತೇನು ಎಂದು ಯಂತ್ರ ನಡೆಸುವವನನ್ನು ಕೇಳಿದೆ. ಅವನು ಯೋಚಿಸಿ, "ಒಂದ ಕಡೆ ಮಣ್ಣ ತಾನ ಕುಸೀತ್ರಿ. ಮೊದಲ ಪೊಳ್ಳ ಇತ್ತೋ, ನನ್ನ ಬಕೆಟ್ಟಿಗೆ ಕುಸೀತೋ, ಹೆಂಗ ಹೇಳಲಿ" ಎಂದ. ನಾನು ಗುಂಡಿಯ ಅಂಚಿನಲ್ಲಿ ಬಹಳ ಹೊತ್ತು ನಿಂತು ನೋಡಿದೆ. ಒದ್ದೆ ಮಣ್ಣಿನ ಹೊರತು ಏನೂ ಕಾಣಲಿಲ್ಲ.

ಸರ್‌ಗೆ ತಿಳಿಸಿದಾಗ ನನಗೆ ಬೇಸರವಿತ್ತು, ಅವರಿಗೆ ಇರಲಿಲ್ಲ. "ಗೊತ್ತಾಗದ ಹ್ವಾದದ್ದ ಚಲೋ ಆತು, ತಂಗಿ. ಖರೇನ ಗೊತ್ತಾಗಬೇಕಂದ್ರ ಅದಕ್ಕ ಒಂದ ದಾರಿ ಇತ್ತು. ಅವತ್ತ ನಾವು ಕಡಿಯದ ಸುಮ್ಮನ ಕೂಡಬೇಕಿತ್ತು."

ಅವರು ನಿವೃತ್ತಿಯ ತನಕ ಇರಲಿಲ್ಲ. ಒಂದು ಬೆಳಿಗ್ಗೆ ಕೆಲಸದ ಊರಿನಲ್ಲಿ ಬೂಟು ಕಟ್ಟಿಕೊಳ್ಳುತ್ತ ಕೂತವರು ಹಾಗೆಯೇ ಗೋಡೆಗೆ ಒರಗಿದರಂತೆ. ಸುದ್ದಿ ಕೇಳಿ ನಾನೂ ಚಾಲಕನೂ ಸವಣೂರ ದಾಟಿ ಅವರ ಹಳ್ಳಿಗೆ ಹೋದೆವು. ಮಾಜಿ ಸೈನಿಕರು ಹತ್ತಾರು ಜನ ಬಂದು ಧ್ವಜ ಹೊದಿಸಿದ್ದರು. ಅವರ ಹೊಲದಲ್ಲೇ ಗುಣಿ ತೋಡಿ, ನಮ್ಮ ಪದ್ಧತಿಯಂತೆ ಕೂತ ಭಂಗಿಯಲ್ಲಿ ಇಳಿಸಿದರು. ಎರೆಮಣ್ಣು ಹಸಿಯಾಗಿತ್ತು. ಗುಣಿಯ ಗೋಡೆ ಕುಸಿದೀತೆಂದು ನಾನು ಮಂದಿಯ ಕಾಲುಗಳನ್ನೇ ನೋಡುತ್ತ ನಿಂತಿದ್ದೆ. ಯಾರಾದರೂ ಅಂಚಿಗೆ ಬಂದರೆ "ಹಿಂದ ಸರೀರಿ" ಎನ್ನುತ್ತಿದ್ದೆ. ನಾಲ್ಕೈದು ಸಲ ಹಾಗೆಂದ ಮೇಲೆ ಜನ ನನ್ನನ್ನು ವಿಚಿತ್ರವಾಗಿ ನೋಡಿದರು.

ಎಲ್ಲ ಮುಗಿದ ಮೇಲೆ, ಬೇವಿನ ಮರದ ಕೆಳಗೆ ಒಬ್ಬ ಮುದುಕರು ನನ್ನ ಹತ್ತಿರ ಬಂದು ಕೂತರು. ಶುಂಠಿ ಹೊಲದ ಯಜಮಾನರು. ಎರಡು ಬಸ್ಸು ಬದಲಿಸಿ ಬಂದಿದ್ದರು.

"ನಮ್ಮ ಶುಂಠಿ ಹೋತು" ಎಂದರು. "ನಾ ಇವತ್ತಿಗೂ ಅನ್ನತೇನಿ, ಆ ಒಡ್ಡು ಒಡೀತಿದ್ದಿಲ್ಲ."

ನಾನು ನೀರಿನ ಬಾಟಲಿ ಕೊಟ್ಟೆ, ಒಂದು ಗುಟುಕು ಕುಡಿದರು.

"ಅವತ್ತ ತೂಬಿನ ಮ್ಯಾಲ ನಿಂತಾಗ ನನ್ನ ಕಾಲಿಗೆ ಏನೂ ತಿಳೀಲಿಲ್ಲ. ಒಡ್ಡು ಗಟ್ಟಿ ಇತ್ತು. ಬಾಜೂಕ ನಿಂತ ಈ ಮನುಷ್ಯಾ ನಡಗತಿದ್ದ. ಹಲ್ಲ ಹಲ್ಲಿಗೆ ಬಡಿಯೋದು ಕೇಳತಿತ್ತು. ನೀವು ಹೋಗ್ರಿ, ನಾ ಒಬ್ಬನ ನಿಲ್ಲತೇನಿ ಅಂದೆ. ಒಲ್ಲೆ ಅಂದ. ನೀವು ಇಲ್ಲಿರೂ ತನಕ ನಾ ಇಲ್ಲೇ ಅಂದ. ಅಷ್ಟ ಹೆದರಿದ ಮನುಷ್ಯಾ ನನ್ನ ಸಲುವಾಗಿ ಅಲ್ಲಿ ನಿಂತಾನಲ್ಲ ಅಂತ ಸರದೆ. ಒಡ್ಡು ಒಡೀತೈತಿ ಅಂತ ಅಲ್ಲ."

ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಯಲವಿಗಿಯ ಕಡೆ ಹೋಗುವ ರೈಲಿನ ಸದ್ದು ಹೊಲದಾಚೆಯಿಂದ ಕೇಳಿತು.

"ಈಗ ಆ ಕೆರಿ ಯಾರ ಕಡೆ ಐತ್ರಿ?" ಎಂದು ಕೇಳಿದರು.

"ನನ್ನ ಕಡೆ ಐತ್ರಿ."

ಅವರು ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದರು. "ಈ ಸಲಾನೂ ತುಂಬಾಕ ಬಂದೈತಿ. ಒಮ್ಮೆ ಬಂದು ನೋಡ್ರಿ."

"ನಾಳೆ ಬರ್ತೇನಿ" ಎಂದೆ. ಜೀಪಿನಲ್ಲಿ ಖಾಲಿ ಬಾಟಲಿಗಳಿವೆಯೇ ಎಂದು ಚಾಲಕನನ್ನು ಕೇಳಿದೆ. ಅವರನ್ನು ಜೀಪಿನಲ್ಲಿ ಕೂರಿಸಿಕೊಂಡು ಸವಣೂರ ಬಸ್‌ಸ್ಟ್ಯಾಂಡಿನ ತನಕ ಬಿಟ್ಟು ಬಂದೆವು.